ಕೆಲಸದ ದಿನದ ಫೋಟೊ: ಮನೆಯ ನಿತ್ಯದ ನೆನಪುಗಳನ್ನು ಆಲ್ಬಮ್ಮಿಗೆ ತರುವ ಬಗೆ

ನಮ್ಮ ಕಡೆಯ ಅನೇಕ ಮನೆಗಳ ಗೋಡೆಯ ಮೇಲಿರುವ, ಹಾರ ಹಾಕಿದ ಹಿರಿಯರ ಫೋಟೊವನ್ನು ಹತ್ತಿರ ಹೋಗಿ ನೋಡಿದರೆ ಅದರ ಒಂದು ಅಂಚಿನಲ್ಲಿ ಬೇರೆ ಯಾರದೋ ಭುಜವೋ ಸೆರಗಿನ ತುದಿಯೋ ಕಾಣಿಸುತ್ತದೆ. ಅವರು ತೀರಿಕೊಂಡ ಮೇಲೆ, ವೈಕುಂಠ ಸಮಾರಾಧನೆಯ ಹೊತ್ತಿಗೆ ಒಂದು ಚಿತ್ರ ಬೇಕೇ ಬೇಕೆಂದು ಹುಡುಕಾಡಿ, ಯಾರದೋ ಮದುವೆಯ ಗುಂಪು ಫೋಟೊದಿಂದ ಸ್ಟುಡಿಯೊದಲ್ಲಿ ಕತ್ತರಿಸಿ ದೊಡ್ಡದು ಮಾಡಿಸಿದ ಮುಖ ಅದು. ನನ್ನ ಅಜ್ಜಿಯ ಫೋಟೊ ಬಂದದ್ದೂ ಹಾಗೆಯೇ. ಅರವತ್ತು ವರ್ಷ ಒಲೆಯ ಮುಂದೆ, ಕೊಟ್ಟಿಗೆಯಲ್ಲಿ, ಬಾವಿಕಟ್ಟೆಯ ಬಳಿ ಓಡಾಡಿದ ಆಕೆ ಅದರಲ್ಲಿ ರೇಷ್ಮೆ ಸೀರೆಯುಟ್ಟು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಾರೆ. ರೊಟ್ಟಿ ತಟ್ಟುವಾಗ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಳ್ಳುತ್ತಿದ್ದ ಅಜ್ಜಿಯ ಚಿತ್ರ ಒಂದೂ ಉಳಿದಿಲ್ಲ.

ಮದುವೆಯ ಕರಿಜ್ಮಾ ಆಲ್ಬಮ್ ಎಲ್ಲರ ಮನೆಯಲ್ಲೂ ಇದೆ, ಫೋನಿನಲ್ಲಿ ಸಾವಿರಾರು ಚಿತ್ರಗಳೂ ಇವೆ. ಇವೆರಡರ ನಡುವೆ ತಪ್ಪಿಹೋಗುತ್ತಿರುವುದು ಸಾಧಾರಣ ಮಂಗಳವಾರದಂದು ಮನೆ ಹೇಗಿತ್ತು ಎಂಬುದರ ಗುರುತು. ಅದನ್ನು ತೆಗೆದು, ಆರಿಸಿ, ಕಾಗದದ ಮೇಲೆ ಇಳಿಸಿ, ಪಕ್ಕದಲ್ಲಿ ನಾಲ್ಕು ಸಾಲು ಬರೆದಿಡುವ ಕ್ರಮವನ್ನು ನಾನು ಕೆಲವು ವರ್ಷಗಳಿಂದ ಪಾಲಿಸುತ್ತ ಬಂದಿದ್ದೇನೆ. ಅದನ್ನೇ ಇಲ್ಲಿ ವಿವರಿಸುತ್ತೇನೆ.

ಏನನ್ನು ತೆಗೆಯಬೇಕು

ಮೊದಲು ಮಾಡಬೇಕಾದದ್ದು, "ಇಲ್ಲಿ ನೋಡಿ, ನಗಿ" ಎನ್ನುವುದನ್ನು ನಿಲ್ಲಿಸುವುದು. ಕೆಲಸದಲ್ಲಿ ತೊಡಗಿರುವವರನ್ನು ಅವರ ಪಾಡಿಗೆ ಬಿಟ್ಟು, ಕೈ ಮತ್ತು ಮುಖ ಎರಡೂ ಚೌಕಟ್ಟಿನೊಳಗೆ ಬರುವಂತೆ ಪಕ್ಕದಿಂದ ತೆಗೆಯಬೇಕು. ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ದೊಡ್ಡ ದೊಡ್ಡ ಪತ್ರಿಕೆಗಳಿಗೆ ಕೆಲಸ ಮಾಡಿದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಆದರೂ ಅವರ ಹೆಸರು ಕೇಳಿದೊಡನೆ ನೆನಪಾಗುವುದು ಸಾಮಾನ್ಯ ಜನರ, ಅದರಲ್ಲೂ ಮಕ್ಕಳ, ದಿನನಿತ್ಯದ ಚಿತ್ರಗಳು. ಅವರ ಚಿತ್ರಗಳನ್ನು ಒಮ್ಮೆ ಕುಳಿತು ನೋಡಿದರೆ, ಮನೆಯವರ ಫೋಟೊ ತೆಗೆಯುವುದಕ್ಕೆ ಹಬ್ಬಕ್ಕಾಗಿ ಕಾಯಬೇಕಾಗಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ನಮ್ಮ ಅಡುಗೆಮನೆಗಳಲ್ಲಿ ಬೆಳಕು ಕಡಿಮೆ, ಇರುವ ಟ್ಯೂಬ್‌ಲೈಟು ಮುಖವನ್ನು ಪೇಲವ ಮಾಡುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ ಕಿಟಕಿ ಬಾಗಿಲು ತೆರೆದು, ಟ್ಯೂಬ್‌ಲೈಟು ಆರಿಸಿ, ಕಿಟಕಿಯ ಬೆಳಕು ಅವರ ಒಂದು ಕೆನ್ನೆಯ ಮೇಲೆ ಬೀಳುವಂತೆ ನೀವು ನಿಲ್ಲುವ ಜಾಗವನ್ನು ಬದಲಿಸಿಕೊಳ್ಳಿ. ಅವರನ್ನು ಸರಿಯಲು ಹೇಳಬೇಡಿ. ಕಿಟಕಿ ಅವರ ಬೆನ್ನಹಿಂದೆ ಬಂದರೆ ಮುಖ ಕಪ್ಪಾಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಮಕ್ಕಳನ್ನು ತೆಗೆಯುವಾಗ ಅವರ ಕಣ್ಣಿನ ಮಟ್ಟಕ್ಕೆ ಕುಕ್ಕರಗಾಲಿನಲ್ಲಿ ಕೂರಬೇಕು, ಇಲ್ಲದಿದ್ದರೆ ಇಡೀ ಬಾಲ್ಯ ನೆತ್ತಿಯ ಮೇಲಿಂದಲೇ ದಾಖಲಾಗುತ್ತದೆ.

ಮನುಷ್ಯರಷ್ಟೇ ಮುಖ್ಯವಾಗಿ ಜಾಗಗಳನ್ನೂ ವಸ್ತುಗಳನ್ನೂ ತೆಗೆದಿಡಬೇಕು. ಬಾಗಿಲ ಹಿಂದೆ ತೂಗುಹಾಕಿದ ಚೀಲಗಳು, ಜಗಲಿಯ ಮೇಲಿನ ಚಪ್ಪಲಿಗಳ ಸಾಲು, ದೇವರ ಗೂಡು, ಮಗುವಿನ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ ಗೋಡೆ, ಒಗ್ಗರಣೆ ಡಬ್ಬಿ. ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕಗಳಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುವ ಮನೆಯಾದರೆ, ವರ್ಷಕ್ಕೆ ಒಂದು ತಿಂಗಳ ಹಾಳೆಯನ್ನಾದರೂ ಫೋಟೊ ತೆಗೆಯಿರಿ: ಅದರಲ್ಲಿ ಆಕೆಯ ಕೈಬರಹವಿದೆ, ಆ ವರ್ಷದ ಹಾಲಿನ ದರವಿದೆ, ನೆಂಟರು ಬಂದು ಅರ್ಧ ಲೀಟರು ಹೆಚ್ಚು ತರಿಸಿದ ದಿನವೂ ಇದೆ. ಮನೆಗೆ ಹೊಸ ಬಣ್ಣ ಹೊಡೆಸುವ ಮುನ್ನ, ಹಳೆಯ ಹೆಂಚು ಇಳಿಸುವ ಮುನ್ನ ಪ್ರತಿ ಕೋಣೆಯ ನಾಲ್ಕೂ ಮೂಲೆಗಳನ್ನು ತೆಗೆದಿಡುವುದು ಅರ್ಧ ಗಂಟೆಯ ಕೆಲಸ.

ಇನ್ನು, ಯಾವಾಗಲೂ ಫೋಟೊ ತೆಗೆಯುವವರು ಯಾವ ಫೋಟೊದಲ್ಲಿಯೂ ಇರುವುದಿಲ್ಲ. ವಾರಕ್ಕೊಮ್ಮೆ ಫೋನನ್ನು ಮನೆಯ ಮತ್ತೊಬ್ಬರ ಕೈಗೆ ಕೊಡಬೇಕು. ಹತ್ತು ವರ್ಷದ ಮಗು ತೆಗೆದ ಚಿತ್ರ ಸ್ವಲ್ಪ ಓರೆಯಾಗಿದ್ದರೂ ಅದನ್ನೇ ಇಟ್ಟುಕೊಳ್ಳಿ.

ತಿಂಗಳಿಗೆ ಹತ್ತು

ಸಂಗ್ರಹ ಸೋಲುವುದು ಆರಿಸುವ ಹಂತದಲ್ಲಿ. ವರ್ಷದ ಕೊನೆಗೆ ಐದು ಸಾವಿರ ಚಿತ್ರಗಳ ಮುಂದೆ ಕುಳಿತ ಯಾರೂ ಆಲ್ಬಮ್ ಮಾಡಿ ಮುಗಿಸಿಲ್ಲ. ಆದ್ದರಿಂದ ಪ್ರತಿ ತಿಂಗಳ ಕೊನೆಯ ಭಾನುವಾರ ಆ ತಿಂಗಳ ಹತ್ತು ಚಿತ್ರಗಳನ್ನು ಮಾತ್ರ ಆರಿಸಿ ಬೇರೆ ಫೋಲ್ಡರಿಗೆ ಹಾಕಿಕೊಳ್ಳುವುದು ನನ್ನ ನಿಯಮ. ವರ್ಷಕ್ಕೆ 120 ಆಯಿತು; ಯುಗಾದಿಗೆ ಹಿಂದಿನ ವರ್ಷದ ಆಲ್ಬಮ್ ಸಿದ್ಧವಾಗಬೇಕೆಂದು ಇಟ್ಟುಕೊಂಡರೆ ಫೆಬ್ರುವರಿಯ ಹೊತ್ತಿಗೆ ಕೆಲಸ ತಾನಾಗಿ ಮುಗಿಯುತ್ತ ಬಂದಿರುತ್ತದೆ. ಆರಿಸುವಾಗ, ಚೆನ್ನಾಗಿ ಕಾಣುವ ಚಿತ್ರ ಮತ್ತು ಏನನ್ನಾದರೂ ಹೇಳುವ ಚಿತ್ರ ಎರಡರಲ್ಲಿ ಒಂದನ್ನೇ ಇಡಬೇಕಾಗಿ ಬಂದರೆ ಎರಡನೆಯದನ್ನು ಇಡಿ.

ಮನೆಯ ಬೇರೆಯವರ ಫೋನಿನಿಂದ ಚಿತ್ರ ತರಿಸಿಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳುಹಿಸಿದರೆ ಅದು ಚಿತ್ರದ ಗಾತ್ರವನ್ನು ಕುಗ್ಗಿಸುತ್ತದೆ, ತೆಗೆದ ದಿನಾಂಕದ ಮಾಹಿತಿಯನ್ನೂ ಅಳಿಸುತ್ತದೆ. ಅದನ್ನೇ "ಡಾಕ್ಯುಮೆಂಟ್" ಆಗಿ ಕಳುಹಿಸಿದರೆ ಮೂಲ ಕಡತ ಹಾಗೆಯೇ ಬರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿದೆ. ಉಚಿತವಾಗಿ ಸಿಗುವ 15 ಜಿಬಿ ಜಾಗವನ್ನು ಇಮೇಲ್ ಕೂಡ ಹಂಚಿಕೊಳ್ಳುವುದರಿಂದ, ಅದನ್ನೊಂದನ್ನೇ ನಂಬಿ ಕೂರದೆ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಬೇರೆ ಊರಿನಲ್ಲಿರುವ ತಮ್ಮನದೋ ಅಕ್ಕನದೋ ಮನೆಯಲ್ಲಿ ಇನ್ನೊಂದು ಪ್ರತಿ ಇಡಬೇಕು.

ಟ್ರಂಕಿನಲ್ಲಿರುವ ಹಳೆಯ ಫೋಟೊಗಳು

ಹೊಸ ಆಲ್ಬಮ್ಮಿಗೆ ಕೈ ಹಾಕುವ ಮೊದಲೇ ಹಳೆಯವುಗಳತ್ತ ನೋಡುವುದು ಒಳ್ಳೆಯದು, ಏಕೆಂದರೆ ಅವು ಕಾಯುವುದಿಲ್ಲ. 1970 ಮತ್ತು 80ರ ದಶಕದ ಬಣ್ಣದ ಪ್ರಿಂಟುಗಳು ಕೆಂಪಗೆ ತಿರುಗಿರುವುದನ್ನು ನೀವು ನೋಡಿರಬಹುದು; ಕಾಗದದಲ್ಲಿದ್ದ ಬಣ್ಣಗಳಲ್ಲಿ ನೀಲಿ-ಹಸಿರು ಬೇಗ ಮಾಸಿ ಕೆಂಪು ಮುಂದಾಗುವುದೇ ಅದಕ್ಕೆ ಕಾರಣ. ಕಪ್ಪು-ಬಿಳುಪು ಪ್ರಿಂಟುಗಳು ಸಾಮಾನ್ಯವಾಗಿ ಅವುಗಳಿಗಿಂತ ಗಟ್ಟಿ. ಆದ್ದರಿಂದ ಅಜ್ಜ-ಅಜ್ಜಿಯ ಕಾಲದ್ದಕ್ಕಿಂತ ಅಪ್ಪ-ಅಮ್ಮನ ಕಾಲದ ಬಣ್ಣದ ಚಿತ್ರಗಳನ್ನು ಮೊದಲು ಸ್ಕ್ಯಾನ್ ಮಾಡಿಸಬೇಕು. ಅಂಚೆ ಕಾರ್ಡಿನ ಅಳತೆಯದಕ್ಕೆ 600 ಡಿಪಿಐ (ಅಂದರೆ ಅಂಗುಲಕ್ಕೆ 600 ಚುಕ್ಕೆ), ಪಾಸ್‌ಪೋರ್ಟ್ ಅಳತೆಯ ಸಣ್ಣದಕ್ಕೆ 1200 ಡಿಪಿಐ ಸಾಕಾಗುತ್ತದೆ. ಸ್ಕ್ಯಾನರ್ ಇಲ್ಲದಿದ್ದರೆ ಜಗಲಿಯ ನೆರಳಿನಲ್ಲಿ ಫೋಟೊವನ್ನು ಸಪಾಟಾಗಿಟ್ಟು, ಫೋನನ್ನು ಅದಕ್ಕೆ ಸರಿಸಮಾನಾಂತರವಾಗಿ ಹಿಡಿದು ತೆಗೆಯಬಹುದು. ನೆಗೆಟಿವ್‌ಗಳಿದ್ದರೆ ಎಸೆಯಬೇಡಿ, ಪ್ರಿಂಟು ಹಾಳಾಗಿದ್ದರೂ ಅದರಿಂದ ಮತ್ತೆ ಒಳ್ಳೆಯ ಚಿತ್ರ ಪಡೆಯಬಹುದು.

ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಆಲ್ಬಮ್‌ಗಳು ಒಂದು ಕಾಲದಲ್ಲಿ ಎಲ್ಲ ಮನೆಗಳಲ್ಲೂ ಇದ್ದವು. ಆ ಅಂಟು ಕಾಲಕ್ರಮೇಣ ಹಳದಿಯಾಗಿ ಫೋಟೊವನ್ನು ಕಚ್ಚಿಕೊಳ್ಳುತ್ತದೆ. ಮೂಲೆ ಹಿಡಿದು ಎಳೆದರೆ ಮೇಲ್ಪದರ ಹರಿಯುತ್ತದೆ. ನಮ್ಮ ಚಿಕ್ಕಪ್ಪನ ಕಾಲೇಜಿನ ದಿನಗಳ ಎರಡು ಚಿತ್ರಗಳನ್ನು ನಾನು ಹೀಗೆ ಕಳೆದುಕೊಂಡೆ, ಆ ಬೇಸರ ಇನ್ನೂ ಹೋಗಿಲ್ಲ. ಹಲ್ಲಿನ ಸಂದು ಸ್ವಚ್ಛ ಮಾಡುವ ಫ್ಲಾಸ್ ದಾರವನ್ನು ಫೋಟೊ ಮತ್ತು ಹಾಳೆಯ ನಡುವೆ ತೂರಿಸಿ ಗರಗಸದಂತೆ ನಿಧಾನವಾಗಿ ಎಳೆದರೆ ಬಹಳಷ್ಟು ಬಿಡಿಸಿಕೊಳ್ಳುತ್ತವೆ. ಬಾರದಿದ್ದರೆ ಹಾಳೆಯ ಸಮೇತ ಸ್ಕ್ಯಾನ್ ಮಾಡಿ ಬಿಟ್ಟುಬಿಡಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊವನ್ನಂತೂ ಕೀಳಲೇಬಾರದು, ಗಾಜಿನ ಮೂಲಕವೇ ಅದರ ಪ್ರತಿ ಮಾಡಿಕೊಳ್ಳಬೇಕು.

ಹಳೆಯ ಚಿತ್ರದ ಕಾಲವನ್ನು ಊಹಿಸಲು ಅದರ ಆಕಾರವೇ ನೆರವಾಗುತ್ತದೆ. ಚೌಕಾಕಾರದ ಕಪ್ಪು-ಬಿಳುಪು ಪ್ರಿಂಟು ಇದ್ದರೆ ಅದು ಬಹುಶಃ ಆಗ್ಫಾ ಕ್ಲಿಕ್ 3ರಂಥ ಕ್ಯಾಮೆರಾದ್ದು; ಅದರಲ್ಲಿ ಒಂದು ರೀಲಿಗೆ ಹನ್ನೆರಡೇ ಚಿತ್ರ. ಮೂಲೆಯಲ್ಲಿ ಕಿತ್ತಳೆ ಅಂಕಿಗಳಲ್ಲಿ ಅಚ್ಚಾದ ದಿನಾಂಕವನ್ನು ಮಾತ್ರ ಪೂರ್ತಿ ನಂಬಬೇಡಿ, ಬ್ಯಾಟರಿ ಬದಲಿಸಿದ ಮೇಲೆ ಅದನ್ನು ಸರಿಪಡಿಸದೆ ಬಿಟ್ಟವರೇ ಹೆಚ್ಚು. ಎಲ್ಲಕ್ಕಿಂತ ದೊಡ್ಡ ಆಧಾರ ಮನೆಯ ಹಿರಿಯರು. ಚಿತ್ರಗಳನ್ನು ಅವರ ಮುಂದೆ ಹರಡಿ, ಫೋನಿನ ರೆಕಾರ್ಡರ್ ಆನ್ ಮಾಡಿ, "ಇದು ಯಾರ ಮನೆಯ ಅಂಗಳ?" ಎಂದು ಕೇಳಿ ಸುಮ್ಮನಾಗಬೇಕು. "ಯಾವ ವರ್ಷ?" ಎಂದು ಕೇಳಿದರೆ ಅವರು ತಡವರಿಸುತ್ತಾರೆ, "ಆಗ ಯಾರು ಹುಟ್ಟಿದ್ದರು, ಯಾರು ಇನ್ನೂ ಇದ್ದರು?" ಎಂದು ಕೇಳಿದರೆ ಉತ್ತರ ಹರಿದು ಬರುತ್ತದೆ.

ಮುದ್ರಣ ಮತ್ತು ಬರಹ

ಕಾಗದದ ಮೇಲೆ ಚಿತ್ರ ಸ್ಪಷ್ಟವಾಗಿ ಬರಲು ಒಂದು ಅಂಗುಲಕ್ಕೆ 300 ಪಿಕ್ಸೆಲ್ ಬೇಕು. 4×6 ಅಂಗುಲದ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು. 12 ಮೆಗಾಪಿಕ್ಸೆಲಿನ ಫೋನ್ ಚಿತ್ರದಲ್ಲಿ 4000×3000 ಇರುವುದರಿಂದ ಗಾತ್ರದ ಚಿಂತೆ ಇಲ್ಲ. ತೊಡಕು ಇರುವುದು ಅನುಪಾತದಲ್ಲಿ. ಫೋನಿನ ಚಿತ್ರ 4:3, ಪ್ರಿಂಟು 3:2, ಹಾಗಾಗಿ ಚಿತ್ರದ ಒಂಬತ್ತರಲ್ಲಿ ಒಂದು ಭಾಗ ಲ್ಯಾಬಿನಲ್ಲಿ ಕತ್ತರಿಸಿಹೋಗುತ್ತದೆ. ಎಷ್ಟೋ ಸಲ ಹೋಗುವುದು ತಲೆಯೋ ಪಾದವೋ. ನೀವೇ 3:2ಕ್ಕೆ ಕತ್ತರಿಸಿ ಕೊಡಿ, ಇಲ್ಲವೇ 6×8 ಅಳತೆ ಸಿಗುವ ಕಡೆ ಅದನ್ನೇ ಕೇಳಿ. ಫೋನಿನ ಪರದೆ ಹಿಂದಿನಿಂದ ಬೆಳಗುವುದರಿಂದ ಅಲ್ಲಿ ಸರಿಯಾಗಿ ಕಂಡದ್ದು ಕಾಗದದ ಮೇಲೆ ಮಬ್ಬಾಗಿ ಬರುತ್ತದೆ. ಎಲ್ಲವನ್ನೂ ಕೊಡುವ ಮೊದಲು ಐದು ಚಿತ್ರ ಮಾಡಿಸಿ ಹಗಲು ಬೆಳಕಿನಲ್ಲಿ ನೋಡಿ, ಕಪ್ಪಾಗಿದ್ದರೆ ಉಳಿದವನ್ನು ಸ್ವಲ್ಪ ತಿಳಿ ಮಾಡಿ. ಹತ್ತಾರು ಕೈಗಳಲ್ಲಿ ಓಡಾಡುವ ಆಲ್ಬಮ್ಮಿಗೆ ಮ್ಯಾಟ್ ಕಾಗದ ವಾಸಿ, ಬೆರಳಚ್ಚು ಕಾಣುವುದಿಲ್ಲ.

ಪ್ರಿಂಟುಗಳನ್ನು ಕೂಡಿಸುವ ಆಲ್ಬಮ್ಮೋ, ಪುಸ್ತಕದಂತೆ ಅಚ್ಚಾಗಿ ಬರುವ ಫೋಟೊ ಬುಕ್ಕೋ ಎಂಬುದರಲ್ಲಿ ನನ್ನ ಒಲವು ಮೊದಲನೆಯದರ ಕಡೆಗಿದೆ, ಏಕೆಂದರೆ ಅದರಲ್ಲಿ ಕೈಯಿಂದ ಬರೆಯಬಹುದು, ಒಂದು ಚಿತ್ರ ಹಾಳಾದರೆ ಅದನ್ನಷ್ಟೇ ಬದಲಿಸಬಹುದು. ಹಾಳೆ ಆಮ್ಲರಹಿತವಾಗಿರಲಿ, ಜೇಬುಗಳು ಪಿವಿಸಿಯದ್ದಾಗದೆ ಪಾಲಿಪ್ರೊಪಿಲೀನಿನದ್ದಾಗಿರಲಿ. ಹೊಸ ಮಳೆಕೋಟಿನಂಥ ಘಾಟು ವಾಸನೆ ಬರುವ ಪ್ಲಾಸ್ಟಿಕ್ಕನ್ನು ಕೊಳ್ಳಬೇಡಿ. ಫೋಟೊ ಬುಕ್ ಮಾಡಿಸುವವರು ಎರಡು ಪುಟಗಳ ನಡುವಿನ ಮಡಿಕೆಯಲ್ಲಿ ಯಾರ ಮುಖವೂ ಬರದಂತೆ ನೋಡಿಕೊಳ್ಳಬೇಕು.

ಕನ್ನಡದಲ್ಲಿ ಅಚ್ಚು ಮಾಡಿಸುವಾಗ ಇನ್ನೊಂದು ಕಷ್ಟವಿದೆ. ಆಲ್ಬಮ್ ವಿನ್ಯಾಸಕ್ಕೆ ಬಳಸುವ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಸೌಲಭ್ಯವನ್ನು ಚಾಲೂ ಮಾಡದಿದ್ದರೆ ಒತ್ತಕ್ಷರಗಳು ಒಡೆದು "ಅಜ್ಜಿ" ಎಂಬುದು "ಅಜ್‌ಜಿ" ಎಂದಾಗುತ್ತದೆ. ಕನ್ನಡ ಟೈಪಿಸುವ "ನುಡಿ" ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ನಿಮ್ಮ ಬರಹವನ್ನು ಯೂನಿಕೋಡ್‌ನಲ್ಲಿ ಬರೆದು, ಪಿಡಿಎಫ್ ಅಥವಾ ಚಿತ್ರವಾಗಿ ಪರಿವರ್ತಿಸಿ ಕೊಡಿ. ಅಚ್ಚಿಗೆ ಹೋಗುವ ಮುನ್ನ ಕರಡನ್ನು ತರಿಸಿ ಪ್ರತಿ ಹೆಸರನ್ನೂ ಬೆರಳಿಟ್ಟು ಓದಿ.

ಏನು ಬರೆಯಬೇಕೆಂದರೆ, ಮೊದಲು ಹೆಸರು. "ದೊಡ್ಡಪ್ಪ", "ಸೋದರತ್ತೆ" ಎಂದಷ್ಟೇ ಬರೆದರೆ ಮೂವತ್ತು ವರ್ಷದ ಮೇಲೆ ಓದುವವರಿಗೆ ಅದು ಯಾರ ದೊಡ್ಡಪ್ಪ ಎಂಬುದು ತಿಳಿಯುವುದಿಲ್ಲ. ಪೂರ್ತಿ ಹೆಸರು, ಊರು, ಇಸವಿ ಇರಲೇಬೇಕು. "ಗೌರಿ ಹಬ್ಬದ ಹಿಂದಿನ ದಿನ" ಎಂಬುದು ಸುಂದರವಾಗಿದೆ, ಆದರೆ ಪಕ್ಕದಲ್ಲಿ ಇಸವಿ ಬೇಕು. ಅನಂತರ ಚಿತ್ರದಲ್ಲಿ ಕಾಣದ ಒಂದು ವಿವರ ಬರೆಯಿರಿ: ಆ ದಿನ ಕರೆಂಟು ಹೋಗಿತ್ತು, ಹಲಸಿನ ಹಣ್ಣಿನ ಸೊನೆ ಕೈಗೆ ಹತ್ತಿ ಎಲ್ಲರೂ ಕೊಬ್ಬರಿ ಎಣ್ಣೆ ಹುಡುಕುತ್ತಿದ್ದರು, ಅಪ್ಪ ಆಡಿದ ಒಂದು ಮಾತು. ಬಾಲ್‌ಪೆನ್ನಿನಿಂದ ಫೋಟೊದ ಹಿಂದೆ ಒತ್ತಿ ಬರೆದರೆ ಮುಂಭಾಗಕ್ಕೆ ಗೀರು ಮೂಡುತ್ತದೆ. ಹಳೆಯ ಕಾಗದದ ಪ್ರಿಂಟಿನ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಬಹುದು. ಈಗಿನ ಪ್ಲಾಸ್ಟಿಕ್ ಲೇಪದ ಪ್ರಿಂಟಿನ ಮೇಲೆ ಪೆನ್ಸಿಲು ಹತ್ತುವುದಿಲ್ಲವಾದ್ದರಿಂದ ಆಲ್ಬಮ್ಮಿನ ಹಾಳೆಯ ಮೇಲೆ ಬರೆಯುವುದೇ ಸರಿ. ಸಾಧ್ಯವಾದರೆ ಚಿತ್ರದಲ್ಲಿರುವವರಿಂದಲೇ ಬರೆಯಿಸಿ.

ಇಡುವ ಜಾಗ

ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲದಕ್ಕೂ ಬೂಷ್ಟು. ಮಳೆ ಬಡಿಯುವ ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಆಲ್ಬಮ್ ಇಡಬೇಡಿ, ಅಟ್ಟದ ಮೇಲೂ ಬೇಡ. ಒಳಗೋಡೆಯ ಕಬ್ಬಿಣದ ಬೀರುವಿನ ನಡುವಿನ ಅಂತಸ್ತು ಒಳ್ಳೆಯದು. ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗಿಟ್ಟು ತೇವ ಹೀರಿದಾಗ ಬದಲಿಸುತ್ತಿರಬೇಕು. ನುಸಿಗುಳಿಗೆಯ ಆವಿ ಫೋಟೊಗೂ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ಅಕಸ್ಮಾತ್ ನೀರು ನುಗ್ಗಿ ಫೋಟೊಗಳು ಒದ್ದೆಯಾದರೆ, ಒಂದಕ್ಕೊಂದು ಅಂಟಿ ಒಣಗಲು ಬಿಡಬಾರದು: ಒದ್ದೆಯಿರುವಾಗಲೇ ತಣ್ಣೀರಿನಲ್ಲಿ ಮೆಲ್ಲಗೆ ಬಿಡಿಸಿ, ಕೆಸರು ತೊಳೆದು, ಚಿತ್ರ ಮೇಲ್ಮುಖವಾಗಿರುವಂತೆ ನೆರಳಿನಲ್ಲಿ ಹರಡಬೇಕು. ತಕ್ಷಣ ಕೈಯಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟು, ಆಮೇಲೆ ನಿಧಾನವಾಗಿ ಬಿಡಿಸಬಹುದು.

ಆ ವರ್ಷದ ಆಲ್ಬಮ್ ಮಾತ್ರ ಬೀರುವಿಗೆ ಹೋಗದೆ ಹಜಾರದಲ್ಲಿ, ಮಕ್ಕಳ ಕೈಗೆ ಎಟಕುವ ಕಡೆ ಇರಲಿ. ಕೊನೆಯ ನಾಲ್ಕು ಹಾಳೆಗಳನ್ನು ಖಾಲಿ ಬಿಟ್ಟಿರಿ, ನೋಡಿದ ನೆಂಟರು ತಮಗೆ ನೆನಪಾದದ್ದನ್ನು ಅಲ್ಲಿಯೇ ಬರೆಯಲು ಒಂದು ಪೆನ್ನೂ ಜೊತೆಗಿರಲಿ. ನಮ್ಮ ಮನೆಯ ಕಳೆದ ಸಾಲಿನ ಆಲ್ಬಮ್ಮಿನಲ್ಲಿ, ಅಜ್ಜಿ ರೊಟ್ಟಿ ತಟ್ಟುವಾಗ ಹಾಡಿಕೊಳ್ಳುತ್ತಿದ್ದ ಬೀಸುವ ಪದದ ಎರಡು ಸಾಲುಗಳನ್ನು ಅತ್ತೆ ಬರೆದಿಟ್ಟು ಹೋಗಿದ್ದಾರೆ. ಉಳಿದ ಸಾಲುಗಳನ್ನು ಕೇಳಿ ಬರೆದುಕೊಳ್ಳಲು ಮುಂದಿನ ವಾರ ಅವರ ಊರಿಗೆ ಹೋಗುವವನಿದ್ದೇನೆ.