ಎರೆ ಹೊಲದವರು ಜಿಟಿಮಳೆಯ ಊರಿಗೆ ಹೊಂದಿಕೊಳ್ಳುವ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಸ್ಕಾಟ್ಲೆಂಡಿಗೋ ಐರ್ಲೆಂಡಿಗೋ ಓದಲು, ದುಡಿಯಲು ಹೊರಟವರಿಗೆ ಅಲ್ಲಿನ ಚಳಿಯ ಬಗ್ಗೆ ಎಚ್ಚರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಮಳೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಮಳೆಗೂ ಎಚ್ಚರಿಕೆ ಬೇಕೆ ಎಂದು ಹೇಳುವವರಿಗೂ ಅನಿಸಿರುತ್ತದೆ, ಕೇಳುವವರಿಗೂ ಅನಿಸಿರುತ್ತದೆ. 'ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ' ಎಂಬ ಗಾದೆಯನ್ನು ಕೇಳಿಕೊಂಡೇ ಬೆಳೆದವರು ನಾವು. ಲಿಂಗಸುಗೂರು ತಾಲ್ಲೂಕಿನ ಖುಷ್ಕಿ ಹೊಲದ ಮನೆಯಿಂದ ಬಂದು ಗ್ಲಾಸ್ಗೋ ನಗರದಲ್ಲಿ ಒಂಬತ್ತು ವರ್ಷ ಕಳೆದಿರುವ ನಾನು, ಆ ಗಾದೆ ಮೊದಲನೆಯ ನವೆಂಬರಿನಲ್ಲೇ ಹಳೆಯ ಮಾಳಿಗೆಯಂತೆ ಸೋರತೊಡಗಿದ್ದನ್ನು ಕಂಡವನು. ಹಾಗೆ ಸೋರುವಾಗ ಏನು ಮಾಡಬೇಕು ಎಂಬುದನ್ನು, ನನಗೆ ತಿಳಿದ ಮಟ್ಟಿಗೆ, ಇಲ್ಲಿ ಬರೆದಿದ್ದೇನೆ.

ಮೊಟ್ಟಮೊದಲು ಮಾಡಬೇಕಾದದ್ದು ಅಳತೆಗೋಲನ್ನು ಬದಲಾಯಿಸುವುದು. ರಾಯಚೂರು ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮಳೆಗೆ ಹೆಸರಾದ ಲಂಡನ್ ನಗರದಲ್ಲಿ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಲಂಡನ್ನಿನಲ್ಲಿ ಹೇಳಿದರೂ ನಂಬುವುದಿಲ್ಲ. ವ್ಯತ್ಯಾಸವಿರುವುದು ಹಂಚಿಕೆಯಲ್ಲಿ. ನಮ್ಮ ಕಡೆ ಆ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆರಳೆಣಿಕೆಯ ದಿನಗಳಲ್ಲಿ ಸುರಿದು ಹೋಗುತ್ತದೆ. ಲಂಡನ್ನಿನಲ್ಲಿ ಅದೇ ನೀರು ನೂರಕ್ಕೂ ಹೆಚ್ಚು ದಿನಗಳ ಮೇಲೆ ಚಿಮುಕಿಸಿದಂತೆ ಬೀಳುತ್ತದೆ. ಗ್ಲಾಸ್ಗೋದಲ್ಲಿ ಮೊತ್ತವೂ ನಮ್ಮದರ ಇಮ್ಮಡಿಯಷ್ಟಿದ್ದು, ದಿನಗಳು 170ರ ಆಸುಪಾಸಿನಲ್ಲಿವೆ. ಅಲ್ಲಿ 1 ಮಿಲಿಮೀಟರ್ ಬಿದ್ದರೂ ಮಳೆಯ ದಿನವೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಭಾರತದ ಹವಾಮಾನ ಇಲಾಖೆಗೆ 2.5 ಮಿಲಿಮೀಟರಾದರೂ ಬೇಕು. ನನ್ನ ಅಪ್ಪನಿಗಂತೂ ಎರೆ ಮಣ್ಣಿನಲ್ಲಿ ಒಂದು ಗೇಣು ಹಸಿ ಇಳಿಯದಿದ್ದರೆ ಅದು ಮಳೆಯೇ ಅಲ್ಲ. ಹೀಗೆ ಮೂರು ತಕ್ಕಡಿಗಳಿರುವಾಗ ಒಂದರ ಕಲ್ಲನ್ನು ಇನ್ನೊಂದರಲ್ಲಿಟ್ಟು ತೂಗಿದರೆ ಮನಸ್ಸು ಕೆಡುವುದು ಸಹಜ. ಊರಿನ ಮಳೆ ಒಂದು ಸುದ್ದಿ. ಅದು ಬಂತೋ ಇಲ್ಲವೋ ಎಂಬುದರ ಮೇಲೆ ಸಾಲ, ಮದುವೆ, ಗುಳೆ ಎಲ್ಲವೂ ನಿಂತಿರುತ್ತವೆ. ಅಲ್ಲಿನ ಮಳೆ ಸುದ್ದಿಯಲ್ಲ, ಬರೀ ಹವೆ. ಸುದ್ದಿಯೆಂದು ಕಾದು ಕುಳಿತರೆ ವರ್ಷಕ್ಕೆ 170 ಸಲ ನಿರಾಶೆಯಾಗುತ್ತದೆ.

ಬಟ್ಟೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಕೊಡೆಯನ್ನು ನಂಬಬೇಡಿ, ಅಲ್ಲಿ ಮಳೆ ಗಾಳಿಯ ಜೊತೆಗೇ ಅಡ್ಡಲಾಗಿ ಬರುತ್ತದೆ, ನನ್ನ ಮೊದಲ ಎರಡು ಕೊಡೆಗಳು ಒಂದೇ ವಾರದಲ್ಲಿ ಉಲ್ಟಾ ತಿರುಗಿ ಕಡ್ಡಿ ಮುರಿದುಕೊಂಡವು. ಟೋಪಿ ಹೊಲಿದಿರುವ ಜಾಕೆಟ್ ಕೊಳ್ಳಿ, ಕೊಳ್ಳುವಾಗ ಚೀಟಿಯನ್ನು ಗಮನವಿಟ್ಟು ಓದಿ: ಶವರ್‌ಪ್ರೂಫ್ ಎಂದಿದ್ದರೆ ಅದು ಹತ್ತು ನಿಮಿಷದ ಹನಿಗೆ ಮಾತ್ರ, ವಾಟರ್‌ಪ್ರೂಫ್ ಎಂದಿದ್ದು ಹೊಲಿಗೆಗಳ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿದ್ದರೆ ಮಾತ್ರ ಒಂದಿಡೀ ದಿನಕ್ಕೆ. ರಬ್ಬರನ್ನು ಕರಗಿಸಿ ಎರಡು ಬಟ್ಟೆಗಳ ನಡುವೆ ಸವರಿ ಮಳೆಯಂಗಿ ತಯಾರಿಸುವ ವಿಧಾನಕ್ಕೆ 1823ರಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ಮ್ಯಾಕಿಂಟಾಷ್ ಗ್ಲಾಸ್ಗೋದಲ್ಲೇ ಹುಟ್ಟಿದವನು ಎಂದು ತಿಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಕುರಿಗಾಹಿಗಳ ಕಂಬಳಿಕೊಪ್ಪೆ ಆ ಕೆಲಸವನ್ನು ಯಾವ ಪೇಟೆಂಟೂ ಇಲ್ಲದೆ ಮಾಡಿಕೊಂಡು ಬಂದಿದೆ.

ಮನೆಯ ಒಳಗಿನ ತೇವ ಬಟ್ಟೆಗಿಂತ ದೊಡ್ಡ ತಲೆನೋವು. ಊರಿನಲ್ಲಿ ಮುಂಗಾರಿಗೆ ಮುಂಚೆ ಮಾಳಿಗೆಯ ಮೇಲೆ ಸವಳು ಮಣ್ಣು ಹರಡಿ ತುಳಿಸಿದರೆ ಮಳೆಯ ಸಿದ್ಧತೆ ಮುಗಿಯಿತು. ನೀರು ಬರುವುದು ಮೇಲಿನಿಂದ ಎಂದಷ್ಟೇ ನಮಗೆ ಗೊತ್ತು. ಅಲ್ಲಿ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಒಳಗೇ ಅನ್ನ ಬೇಯಿಸಿ, ಒಳಗೇ ಬಟ್ಟೆ ಒಣಹಾಕಿದರೆ ಆ ಹಬೆಯೇ ತಣ್ಣನೆಯ ಗೋಡೆಗೆ ತಾಗಿ ನೀರಾಗಿ, ಮೂಲೆಯಲ್ಲಿ ಕಪ್ಪು ಬೂಷ್ಟು ಕಟ್ಟುತ್ತದೆ. ಎಷ್ಟೇ ಚಳಿಯಿದ್ದರೂ ದಿನಕ್ಕೆ ಎರಡು ಸಲ ಕಿಟಕಿಯನ್ನು ಹತ್ತು ನಿಮಿಷ ತೆರೆದಿಡಿ, ಬಟ್ಟೆಯನ್ನು ಬಚ್ಚಲು ಕೋಣೆಯಲ್ಲಿ ಫ್ಯಾನ್ ಹಚ್ಚಿ ಬಾಗಿಲು ಹಾಕಿ ಒಣಗಿಸಿ, ಕಪಾಟನ್ನು ಹೊರಗೋಡೆಯಿಂದ ಒಂದು ಮುಷ್ಟಿಯಷ್ಟು ದೂರ ಸರಿಸಿ. ಮನಸ್ಸು ಮಂಕಾಗುವುದಕ್ಕೆ ಮಳೆಯೊಂದೇ ಕಾರಣವೆಂದೂ ತಿಳಿಯಬೇಡಿ. ಡಿಸೆಂಬರಿನಲ್ಲಿ ರಾಯಚೂರಿಗೆ ಹನ್ನೊಂದು ಗಂಟೆಗೂ ಮೀರಿದ ಹಗಲಿರುತ್ತದೆ, ಗ್ಲಾಸ್ಗೋದಲ್ಲಿ ಏಳು ಗಂಟೆ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕೆಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎಲ್ಲರಿಗೂ ಹೇಳುತ್ತದೆ. ನಮ್ಮಂತಹ ಕಂದು ಮೈಬಣ್ಣದವರಿಗೆ ವರ್ಷವಿಡೀ ಯೋಚಿಸುವಂತೆ ಹೇಳುತ್ತದೆ.

ಇನ್ನು ಮನಸ್ಸಿನ ಕೆಲಸಕ್ಕೆ ಬರೋಣ. ಮಳೆಗೆ ಹೆಸರಿಡುವುದನ್ನು ರೂಢಿಸಿಕೊಳ್ಳಿ. ಹೆಸರಿಲ್ಲದ ಮಳೆ ಬೇಸರ ತರುತ್ತದೆ. ಮಂಜಿನಂತೆ ಮುಖಕ್ಕೆ ತಾಗುವ ತೆಳು ಹನಿಗೆ ಸ್ಕಾಟ್ಲೆಂಡಿನವರು ಸ್ಮರ್ ಎನ್ನುತ್ತಾರೆ, ಬೂದು ಬಣ್ಣದ ತೇವದ ಮಂಕು ದಿನಕ್ಕೆ ಡ್ರೀಖ್ ಎನ್ನುತ್ತಾರೆ. ಇದನ್ನು ಉಚ್ಚರಿಸುವಾಗ ಗಂಟಲಿನಿಂದ ಬರುವ ಖಕಾರದಲ್ಲೇ ಅರ್ಧ ಸಿಟ್ಟು ಇಳಿದುಹೋಗುತ್ತದೆ. ನಮ್ಮಲ್ಲಿಯೂ ತುಂತುರು, ಸೋನೆ, ಜಡಿ, ಹದಮಳೆ ಎಂದು ಬೇರೆಬೇರೆ ಮಾತುಗಳಿವೆಯಲ್ಲ, ಅವನ್ನು ಅಲ್ಲಿಯೂ ಬಳಸಿ. ಬಿಸಿಲು ಕಾದ ಮಣ್ಣಿನ ವಾಸನೆಯನ್ನು ಮಾತ್ರ ಹುಡುಕಬೇಡಿ. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವೂ, ಒಣ ನೆಲದಲ್ಲಿ ಸೇರಿಕೊಂಡಿರುವ ಗಿಡಗಳ ಎಣ್ಣೆಯೂ ಮೊದಲ ಹನಿಗೆ ಮೇಲೇಳುವುದರಿಂದ ಆ ವಾಸನೆ ಬರುತ್ತದೆ. ಅದಕ್ಕೆ ಮೊದಲು ನೆಲ ಚೆನ್ನಾಗಿ ಒಣಗಿರಬೇಕು. ನಾವು ಮಳೆಯದೆಂದು ಹಂಬಲಿಸುವ ಆ ಕಂಪಿನಲ್ಲಿ ಅರ್ಧ ಪಾಲು ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನದು.

ಊರಿಗೆ ಫೋನ್ ಮಾಡುವಾಗ ತೋರಬೇಕಾದ ಎಚ್ಚರ ಉಳಿದೆಲ್ಲಕ್ಕಿಂತ ಹೆಚ್ಚಿನದು. ನನ್ನ ಎರಡನೆಯ ವರ್ಷದ ಜುಲೈ ತಿಂಗಳ ಒಂದು ಭಾನುವಾರ, ಬೆಳಗಿನಿಂದ ಹಿಡಿದ ಜಡಿಯನ್ನು ನೋಡಿ ಬೇಸತ್ತು, ಈ ದರಿದ್ರ ಮಳೆ ಸಾಕಾಗಿಹೋಗಿದೆ ಎಂದು ಅಪ್ಪನ ಹತ್ತಿರ ಅಂದೆ. ಆ ವರ್ಷ ಮೃಗಶಿರಾ ಹುಸಿ ಹೋಗಿ, ಆರಿದ್ರಾದಲ್ಲಿ ಬಿತ್ತಿದ ತೊಗರಿ, ಸಜ್ಜೆ ಮೊಳಕೆಯಲ್ಲೇ ಬಾಡುತ್ತಿದ್ದವು ಎಂಬುದು ನನಗೆ ಗೊತ್ತಿತ್ತು, ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 'ಮಳಿ ಸಾಕಾತು ಅನಬ್ಯಾಡ ತಮ್ಮಾ, ಅದು ಎಲ್ಲಿದ್ರೂ ಕೇಳಿಸ್ಕೋತದ' ಎಂದರು. ಹಿಂದಿನ ದಿನವಷ್ಟೇ ಓಣಿಯ ಹುಡುಗರು ಮಳೆ ಬೇಡುವ ಗುರ್ಜಿಯನ್ನು ಹೊತ್ತು ಮನೆಮನೆ ತಿರುಗಿದ್ದರಂತೆ, ಅವ್ವ ಒಂದು ಕೊಡ ನೀರು ಸುರಿದಿದ್ದಳಂತೆ. ಅಂದಿನಿಂದ ನಾನು ಒಂದು ಕ್ರಮವನ್ನು ಇಟ್ಟುಕೊಂಡಿದ್ದೇನೆ: ಮೊದಲು ಅವರ ಮಳೆಯನ್ನು ಕೇಳುವುದು, ಎಷ್ಟು ಹಸಿ ಇಳಿದಿದೆ ಎಂದು ಕೇಳುವುದು, ನನ್ನ ಮಳೆಯ ಮಾತನ್ನು ಅವರು ಕೇಳಿದರೆ ಮಾತ್ರ ಆಡುವುದು. ಸುಳ್ಳು ಹೇಳಬೇಕಾಗಿಲ್ಲ, ಬೈಯದಿದ್ದರೆ ಸಾಕು.

ಈ ಮಾತುಕತೆ ಬರಿದಾಗದಿರಲು ಊರಿನ ಮಳೆಯ ಲೆಕ್ಕವನ್ನು ನೀವೂ ಇಟ್ಟುಕೊಳ್ಳಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಜೂನ್ 8ರ ಸುಮಾರಿಗೆ ಮೃಗಶಿರಾ, 22ರ ಸುಮಾರಿಗೆ ಆರಿದ್ರಾ, ಸೆಪ್ಟೆಂಬರ್ ಕೊನೆಗೆ ಹಿಂಗಾರಿ ಜೋಳದವರು ಕಾಯುವ ಹಸ್ತ ಎಂದು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನು ಇಟ್ಟಿರುವುದರಿಂದ, ನಿಮ್ಮ ಹೋಬಳಿಯಲ್ಲಿ ನಿನ್ನೆ ಬಿದ್ದದ್ದು ಎಷ್ಟು ಎಂಬುದನ್ನು ದೂರದಿಂದಲೇ ತಿಳಿಯಬಹುದು. ಲೆಕ್ಕ ಇಡುತ್ತ ಹೋದಂತೆ, ಊರಿನ ಮಳೆಯೆಲ್ಲವೂ ಅಮೃತವೆಂಬ ಭ್ರಮೆಯೂ ತಾನಾಗಿ ಹರಿಯುತ್ತದೆ. ಹತ್ತಿ ಒಡೆದಾಗ, ಮೆಣಸಿನಕಾಯಿ ಕಣದಲ್ಲಿ ಒಣಗುತ್ತಿರುವಾಗ ಬಿದ್ದ ಮಳೆಯನ್ನು ನಾವು ಊರಲ್ಲಿಯೂ ಬೈದವರೇ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಗಳು ನೀರಲ್ಲಿ ಮುಳುಗಿ, ತುಂಗಭದ್ರೆಯ ದಡದ ಮಂತ್ರಾಲಯಕ್ಕೂ ನೀರು ನುಗ್ಗಿದಾಗ ಗಾದೆ ಯಾರ ಬಾಯಲ್ಲೂ ಇರಲಿಲ್ಲ.

ಅಲ್ಲಿನ ಮಳೆಗೂ ಒಂದು ಫಲವಿದೆ ಎಂಬುದನ್ನು ಕಣ್ಣಾರೆ ನೋಡಲು ಒಂದು ರಜಾದಿನವನ್ನು ಮೀಸಲಿಡಿ. ಗ್ಲಾಸ್ಗೋದ ನಲ್ಲಿಗೆ ಬರುವುದು ಗುಡ್ಡಗಳ ನಡುವಿನ ಕ್ಯಾಟ್ರಿನ್ ಸರೋವರದ ನೀರು. 1859ರಲ್ಲಿ ವಿಕ್ಟೋರಿಯಾ ರಾಣಿ ಆ ಯೋಜನೆಯನ್ನು ಉದ್ಘಾಟಿಸಿದಳು. ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದವರಿಗೆ ಆ ಸರೋವರದ ದಡದಲ್ಲಿ ತೊಯ್ದು ನಿಲ್ಲುವುದು ಬೇಸರದ ಕೆಲಸವಾಗಲಾರದು. ನಾನು ಮಿರ್ಚಿಯನ್ನೂ ಮಂಡಾಳ ಒಗ್ಗರಣೆಯನ್ನೂ ಕಟ್ಟಿಕೊಂಡು ಹೋಗಿದ್ದೆ. ಮಂಡಾಳು ಡಬ್ಬಿ ತೆರೆದ ಐದೇ ನಿಮಿಷಕ್ಕೆ ಮೆತ್ತಗಾಯಿತು, ಆದ್ದರಿಂದ ನೀವು ಮಿರ್ಚಿಯನ್ನಷ್ಟೇ ಒಯ್ಯಿರಿ.

ಕೊನೆಯದಾಗಿ, ಊರಿಗೆ ಬರುವ ರಜೆಯನ್ನು ಎಲ್ಲರಂತೆ ಡಿಸೆಂಬರಿಗೇ ಇಡದೆ ಆಗಾಗ ಜೂನ್‌ಗೆ ಇಡಿ. ಮಳೆಯಂಗಿ ತರಬೇಡಿ. ಬಂದಾಗ ಮಳೆ ಬರುತ್ತದೆಂಬ ಖಾತ್ರಿಯೇನೂ ಇಲ್ಲ. ನಾನು ಬಂದ ಮೂರು ಜೂನ್‌ಗಳಲ್ಲಿ ಎರಡು ಒಣಗಿಯೇ ಹೋದವು. ಮೂರನೆಯ ಸಲ ನಾನು ಹೊರಡುವ ಹಿಂದಿನ ರಾತ್ರಿ ಗುಡುಗಿ ಬಂತು. ಬೆಳಿಗ್ಗೆ ಚೀಲ ಕಟ್ಟುವುದನ್ನು ಬಿಟ್ಟು ಅಪ್ಪನ ಹಿಂದೆ ಹೊಲಕ್ಕೆ ಹೋದೆ, ಕಾಲಿಗೆ ಎರೆ ಮಣ್ಣು ಸೇರುಗಟ್ಟಲೆ ಮೆತ್ತಿಕೊಂಡಿತು. ಅವರು ಕುಕ್ಕರಗಾಲಲ್ಲಿ ಕುಳಿತು ಕುರ್ಚಿಗೆಯಿಂದ ಮಣ್ಣು ಬಗೆದು, ಒಳಗೆ ಕೈಯಿಟ್ಟು ನೋಡಿದರು. 'ನಾಕು ಬೆರಳು ಆಗ್ಯದ. ಬಿತ್ತಾಕ ಸಾಲಂಗಿಲ್ಲ, ಇನ್ನೊಂದು ಬರ್ಲಿ' ಎಂದು ಕೈ ಒರೆಸಿಕೊಂಡು ಎದ್ದರು.