ಮದುವೆ ಬ್ಲೌಸಿನ ಜಗಳವನ್ನು ಟೇಪು ಹಿಡಿದು ಬಗೆಹರಿಸಿದ್ದು

ಮದುವೆಗೆ ಇನ್ನು ನಾಲ್ಕೇ ದಿನ. ರಾತ್ರಿ ಒಂಬತ್ತಕ್ಕೆ ಅಂಗಡಿಯಿಂದ ಲೆಹೆಂಗಾ ಬಂತು. ಅಮ್ಮ ಅದನ್ನು ದೇವರ ಮುಂದಿಟ್ಟು, ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ನನ್ನ ಕೈಗೆ ಕೊಟ್ಟರು. ಒಳಗೆ ಹೋಗಿ ಬ್ಲೌಸ್ ಹಾಕಿಕೊಂಡೆ. ಕೆಳಗಿನ ಎರಡು ಹುಕ್ ಹೇಗೋ ಬಿದ್ದವು. ಮೇಲಿನವು ಬೀಳಲೇ ಇಲ್ಲ. ತಂಗಿ ಹಿಂದಿನಿಂದ ಎಳೆದಳು, ನಾನು ಉಸಿರು ಬಿಗಿ ಹಿಡಿದೆ. ಕೈ ಮೇಲೆತ್ತಿದರೆ ಕಂಕುಳಲ್ಲಿ ದಾರ ಚರ್ ಅಂದಿತು. ಕೆಳಗೆ ನೋಡಿದರೆ ಲೆಹೆಂಗಾ ಪಾದದ ಮೇಲೆ ಗಿಡ್ಡಕ್ಕೆ ನಿಂತಿತ್ತು.

ಬಳ್ಳಾರಿಯ ಮೇ ತಿಂಗಳು, ಫ್ಯಾನ್ ಗಾಳಿಯೂ ಬಿಸಿ. ಆ ಬೆವರಲ್ಲಿ ಬ್ಲೌಸ್ ಬಿಚ್ಚುವುದಕ್ಕೂ ಇಬ್ಬರು ಬೇಕಾಯಿತು. ಆಮೇಲೆ ಕೂತು ಅತ್ತುಬಿಟ್ಟೆ.

ಆರ್ಡರ್ ಕೊಟ್ಟಿದ್ದು ಎರಡು ತಿಂಗಳು ಮೊದಲು, ಬೆಂಗಳೂರು ರಸ್ತೆಯ ಕಡೆಯ ಒಂದು ಮದುವೆ ಬಟ್ಟೆ ಅಂಗಡಿಗೆ. ಹೆಸರು ಬೇಡ. ಲೆಹೆಂಗಾಕ್ಕೆ ₹15,000, ಬ್ಲೌಸಿನ ಮಗ್ಗಂ ವರ್ಕ್‌ಗೆ, ಅಂದರೆ ಕೈಯಲ್ಲಿ ಮಾಡುವ ಮಣಿ ಕಸೂತಿಗೆ ₹7,000, ಹೊಲಿಗೆಗೆ ₹2,500. ಒಟ್ಟು ₹24,500. ಹದಿನೈದು ದಿನ ಮೊದಲೇ ಟ್ರಯಲ್‌ಗೆ ಕರೆಯುತ್ತೇವೆ ಅಂದಿದ್ದರು. ಕರೆಯಲಿಲ್ಲ. ಫೋನ್ ಮಾಡಿದಾಗೆಲ್ಲ "ಸೀಜನ್ ಅಲ್ವಾ ಮೇಡಂ, ಕೆಲಸ ನಡೀತಿದೆ" ಅನ್ನುತ್ತಿದ್ದರು. ನಾವೂ ಪತ್ರಿಕೆ ಹಂಚುವುದು, ದುರ್ಗಮ್ಮನ ಗುಡಿಗೆ ಮೊದಲ ಪತ್ರಿಕೆ ಇಡುವುದು, ನೆಂಟರ ಲೆಕ್ಕ ಅಂತ ಓಡಾಡುತ್ತಿದ್ದೆವು. ಬಾಕಿ ದುಡ್ಡನ್ನೂ ಬಟ್ಟೆ ನೋಡುವ ಮೊದಲೇ ಫೋನಿನಲ್ಲಿ ಕಳಿಸಿದ್ದೆ. ಅದು ನನ್ನ ತಪ್ಪು. ದುಡ್ಡು ಪೂರ್ತಿ ಕೈ ಬಿಟ್ಟ ಮೇಲೆ ಮಾತಿಗೆ ಬೆಲೆ ಕಡಿಮೆ.

ಆ ರಾತ್ರಿಯೇ ಫೋನ್ ಮಾಡಿದೆ. ಅಂಗಡಿಯ ಅಕ್ಕ ತಣ್ಣಗೆ ಹೇಳಿದರು: "ನೀವು ಅಳತೆ ಕೊಟ್ಟ ಮೇಲೆ ಸ್ವಲ್ಪ ದಪ್ಪ ಆಗಿದ್ದೀರಿ ಅನ್ಸುತ್ತೆ ಮೇಡಂ. ಮದುವೆ ಹುಡುಗೀರಿಗೆಲ್ಲ ಹಾಗೇ ಆಗುತ್ತೆ."

ಈ ಮಾತು ಎಷ್ಟು ಕೆಲಸ ಮಾಡುತ್ತದೆ ಗೊತ್ತಾ? ಒಂದೇ ಏಟಿಗೆ ನನ್ನ ಬಾಯಿ ಮುಚ್ಚಿತು. ಮನೆಯಲ್ಲಿ ದೊಡ್ಡಮ್ಮ ಬೇರೆ, "ನಿಶ್ಚಯ ಆದಾಗಿಂದ ಬರೀ ಹೋಳಿಗೆ ತಿಂತಿದ್ಲು" ಅಂದರು. ನಾನೂ ನಂಬಿಬಿಟ್ಟೆ. ತಪ್ಪು ನನ್ನ ಮೈಯದು ಅಂದುಕೊಂಡು, ನಾಲ್ಕು ದಿನ ಊಟ ಬಿಟ್ಟರೆ ಸರಿಯಾಗುತ್ತದೇನೋ ಅಂತ ಲೆಕ್ಕ ಹಾಕಿದೆ. ತುಂಬ ಹುಡುಗಿಯರು ಇಲ್ಲಿಗೇ ನಿಲ್ಲಿಸಿ, ನಾಚಿಕೆಗೆ ಸುಮ್ಮನಾಗುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಎಬ್ಬಿಸಿದ್ದು ಚಿಕ್ಕಮ್ಮ. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಕಡೆ ಹದಿನೆಂಟು ವರ್ಷದಿಂದ ದುಡಿಯುತ್ತಾರೆ. ಬಟ್ಟೆಯ ಹೊರಗಿನ ಚೆಂದ ಅವರ ಕಣ್ಣಿಗೆ ಬೀಳುವುದಿಲ್ಲ, ಮೊದಲು ತಿರುವಿ ಒಳಗೆ ನೋಡುತ್ತಾರೆ. ಬೆಳಿಗ್ಗೆ ಬಂದವರೇ ಬ್ಲೌಸ್ ತಿರುವಿ ಹಾಕಿದರು. ಪಕ್ಕದ ಹೊಲಿಗೆ ಬಿಚ್ಚಿ ನೋಡೋಣ ಅಂತ ನಾನು ಕತ್ತರಿ ತಂದರೆ ಕೈ ಹಿಡಿದರು.

"ಬಿಚ್ಚಬ್ಯಾಡ. ಒಂದು ದಾರ ಎಳದ್ರೂ ನೀವೇ ಕೆಡಿಸೀರಿ ಅಂತಾರ. ಮೊದ್ಲು ಅಳತಿ ಚೀಟಿ ಎಲ್ಲೈತಿ?"

ಚೀಟಿ ಅಂಗಡಿಯ ಪುಸ್ತಕದಲ್ಲಿತ್ತು. ಆದರೆ ಆರ್ಡರ್ ಕೊಟ್ಟ ದಿನ ಡೆಲಿವರಿ ತಾರೀಖು ಮರೆಯಬಾರದು ಅಂತ ಆ ಪುಟದ ಫೋಟೋ ತೆಗೆದಿದ್ದೆ. ತಾರೀಖಿನ ಪಕ್ಕದಲ್ಲೇ ನನ್ನ ಅಳತೆ ಪೂರ್ತಿ ಇತ್ತು: ಎದೆ 35.5, ಕಂಕುಳ ಸುತ್ತು 16, ಲೆಹೆಂಗಾ ಉದ್ದ 42.

ಚಿಕ್ಕಮ್ಮ ಹುಕ್ ಬಿಚ್ಚಿ, ಬ್ಲೌಸನ್ನು ಒಳಮುಖ ಮಾಡಿ, ಲೈನಿಂಗ್ ಮೇಲೆ ಟೇಪು ಮಲಗಿಸಿದರು. ಒಂದು ಅಂಚಿನ ಹುಕ್‌ನಿಂದ ಇನ್ನೊಂದು ಅಂಚಿನ ಕಾಜಾದವರೆಗೆ ಸುತ್ತಿ ಅಳೆದರು. ಪ್ಯಾಡ್ ಇರುವ ಬ್ಲೌಸನ್ನು ಮೇಜಿನ ಮೇಲೆ ಚಪ್ಪಟೆ ಹರವಿ ಅಳೆದರೆ ಲೆಕ್ಕ ತಪ್ಪುತ್ತದೆ, ಹೀಗೇ ಅಳೆಯಬೇಕಂತೆ. ಎದೆ 33 ಬಂತು. ಕಂಕುಳ 14.5. ಲೆಹೆಂಗಾ 40. ಆಮೇಲೆ ನನ್ನನ್ನು ನಿಲ್ಲಿಸಿ ಅಳೆದರು. ಎದೆ 36.

ಅಂದರೆ ನಾನು ಹೆಚ್ಚಿದ್ದು ಅರ್ಧ ಇಂಚು. ಬಟ್ಟೆ ಕಡಿಮೆಯಾಗಿದ್ದು ಎರಡೂವರೆ ಇಂಚು. ಅದೂ ಮೈ ಅಳತೆಗಿಂತ ಕಡಿಮೆ. ಉಸಿರಾಡಲು, ಕೈ ಎತ್ತಲು ಇಂಚಿನಷ್ಟು ಲೂಸ್ ಕೂಡಿಸಬೇಕು, ಅದನ್ನಂತೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ದಪ್ಪ ಆದರೆ ಲೆಹೆಂಗಾ ಉದ್ದ ಯಾಕೆ ಕಡಿಮೆಯಾಗುತ್ತದೆ ಅಂತ ಯೋಚಿಸಿದ್ದೂ ಆಗಲೇ. ರಾತ್ರಿಯಿಡೀ ಎದೆಯ ಮೇಲಿದ್ದ ಕಲ್ಲು ಇಳಿಯಿತು.

ಅಂಗಡಿಗೆ ಮೂವರು ಹೋದೆವು. ನಾನು, ಅಮ್ಮ, ಚಿಕ್ಕಮ್ಮ. ಗಲಾಟೆಗೆ ಅಣ್ಣಂದಿರು ಬರುತ್ತೇನೆ ಅಂದರು. ಬೇಡ ಅಂದೆ. ಗಂಡಸರು ದನಿ ಎತ್ತಿದರೆ ಮಾತು ಮರ್ಯಾದೆಯ ಕಡೆಗೆ ಹೋಗುತ್ತದೆ, ಅಳತೆ ಹಿಂದೆ ಉಳಿಯುತ್ತದೆ. ಬೆಳಿಗ್ಗೆ ಗಿರಾಕಿ ಇಲ್ಲದ ಹೊತ್ತು ನೋಡಿ ಹೋದೆವು. ಅಂಗಡಿಯ ಅಕ್ಕ ಮತ್ತೆ ದಪ್ಪದ ಮಾತು ತೆಗೆದರು. ನಾನು ಒಂದೇ ಮಾತು ಹೇಳಿದೆ: "ಅಕ್ಕಾ, ನನ್ನನ್ನು ಆಮೇಲೆ ಅಳೆಯಿರಿ. ಮೊದಲು ನಿಮ್ಮ ಪುಸ್ತಕ ತೆಗೆದು ಈ ಬ್ಲೌಸ್ ಅಳೆಯಿರಿ." ಅವರದೇ ಟೇಪು, ಅವರದೇ ಮೇಜು, ಅವರದೇ ಮಾಸ್ಟರ್. ಮತ್ತೆ 33 ಬಂತು. ನಾನು ಅರ್ಧ ಇಂಚು ಹೆಚ್ಚಿದ್ದನ್ನೂ ಮುಚ್ಚಿಡಲಿಲ್ಲ. ಅದನ್ನು ಒಪ್ಪಿಕೊಂಡಿದ್ದರಿಂದಲೇ ಉಳಿದ ಎರಡೂವರೆ ಇಂಚನ್ನು ಅವರು ತಳ್ಳಿಹಾಕಲು ಆಗಲಿಲ್ಲ.

ಮಾಸ್ಟರ್ ಒಳ್ಳೆಯ ಮನುಷ್ಯ, ಏನಾಗಿದೆ ಅಂತ ಬಿಡಿಸಿ ಹೇಳಿದರು. ಮಗ್ಗಂ ವರ್ಕ್ ಹೊಲಿದ ಬ್ಲೌಸಿನ ಮೇಲೆ ಮಾಡುವುದಲ್ಲ. ಬಟ್ಟೆಯ ಮೇಲೆ ಅಳತೆ ಮಾರ್ಕ್ ಮಾಡಿ, ಚೌಕಟ್ಟಿಗೆ ಬಿಗಿದು, ವರ್ಕ್ ಮುಗಿಸಿ, ಆಮೇಲೆ ಕತ್ತರಿಸಿ ಹೊಲಿಯುತ್ತಾರೆ. ಬಿಗಿದ ಬಟ್ಟೆಯನ್ನು ಚೌಕಟ್ಟಿನಿಂದ ಬಿಚ್ಚಿದಾಗ ದಟ್ಟ ವರ್ಕ್ ಇರುವ ಕಡೆ ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೂ ಸೇರಿಸಿ ಮಾರ್ಜಿನ್ ಬಿಡಬೇಕು. ನನ್ನದರಲ್ಲಿ ಬಿಟ್ಟಿರಲಿಲ್ಲ. ಮಣಿಗಳು ಹೊಲಿಗೆಯ ಅಂಚಿನವರೆಗೂ ಬಂದಿದ್ದವು, ಒಳಗಿದ್ದ ಬಟ್ಟೆ ಅರ್ಧ ಇಂಚೂ ಇಲ್ಲ. ಸಾದಾ ಬ್ಲೌಸ್ ಆಗಿದ್ದರೆ ಪಕ್ಕದ ಹೊಲಿಗೆ ಬಿಚ್ಚಿ ಹತ್ತು ನಿಮಿಷದಲ್ಲಿ ಸರಿ ಮಾಡಬಹುದಿತ್ತು.

ಲೆಹೆಂಗಾ ಕೆಳಗೆ ಮಡಿಕೆ ಇತ್ತು. ಅದನ್ನು ಅಲ್ಲೇ ಬಿಚ್ಚಿ ಉದ್ದ ಮಾಡಿಕೊಟ್ಟರು. ಬ್ಲೌಸಿಗೆ ಎರಡು ಪಕ್ಕ ಪಟ್ಟಿ ಕೊಟ್ಟು ಎರಡು ದಿನದಲ್ಲಿ ಕೊಡುತ್ತೇವೆ ಅಂದರು. ಒಪ್ಪಿದೆ. ಆದರೆ ಬಿಲ್ಲಿನ ಹಿಂದೆ ಬರೆಸಿಕೊಂಡೆ: ಚೀಟಿಯ ಅಳತೆ ಇಷ್ಟು, ಬ್ಲೌಸಿನ ಅಳತೆ ಇಷ್ಟು, ಸರಿ ಮಾಡಲು ಅಂಗಡಿಯವರೇ ಇಟ್ಟುಕೊಂಡಿದ್ದಾರೆ, ತಾರೀಖು, ಸಹಿ. ಈ ನಾಲ್ಕು ಸಾಲು ಬರೆಯಲು ಅಂಗಡಿಯ ಅಕ್ಕ ತುಂಬ ಹೊತ್ತು ಹಿಂಜರಿದರು. ಅಮ್ಮ ಎದ್ದು ಹೋಗದೆ ಸುಮ್ನೆ ಕೂತೇ ಇದ್ದರು. ಕೊನೆಗೆ ಬರೆದರು. ಮುಂದಿನ ಎಲ್ಲ ಕೆಲಸಕ್ಕೂ ಇದೇ ಆಧಾರ.

ಪಟ್ಟಿ ಕೊಟ್ಟ ಬ್ಲೌಸ್ ಬಂತು. ಕೈ ಎತ್ತಬಹುದಿತ್ತು, ಆದರೆ ಎದೆಯ ಹತ್ತಿರ ಸುಕ್ಕು, ವರ್ಕ್ ನಡುವೆ ಬೋಳು ಪಟ್ಟಿ ಎದ್ದು ಕಾಣುತ್ತಿತ್ತು. ಹಾಕಿಕೊಳ್ಳಲಿಲ್ಲ. ಬೇರೆ ಕಡೆ ₹1,800 ಕೊಟ್ಟು ಬಂಗಾರ ಬಣ್ಣದ ರೆಡಿಮೇಡ್ ಬ್ಲೌಸ್ ತಂದು ರಿಸೆಪ್ಷನ್‌ಗೆ ನಿಂತೆ. ಮದುವೆ ಚೆನ್ನಾಗಿಯೇ ಆಯಿತು.

ಮದುವೆಯಾಗಿ ಒಂಬತ್ತನೇ ದಿನಕ್ಕೆ ಬ್ಲೌಸಿನ ₹9,500 ವಾಪಸ್ ಕೇಳಲು ಹೋದೆ. "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅಂತ ಬಿಲ್ಲಿನ ಕೆಳಗಿದ್ದ ಸಾಲು ತೋರಿಸಿದರು. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಅಂತ ಹೋದವರಿಗೆ ಆ ಸಾಲು ತೋರಿಸಲಿ. ದೋಷ ಇರುವ ಮಾಲಿಗೆ ಅದು ನಡೆಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಪ್ಪದಿರುವುದನ್ನು ಆ ಕಾಯ್ದೆ ಅನ್ಯಾಯದ ವ್ಯಾಪಾರ ಅನ್ನುತ್ತದೆ. ಅದಕ್ಕೇ ನಾನು ತಿಂಗಳು ಕಳೆಯಲು ಬಿಡಲಿಲ್ಲ.

ಒಂದು ಪತ್ರ ಬರೆದೆ. ಕನ್ನಡದಲ್ಲಿ, ಒಂದೇ ಪುಟ. ವಕೀಲರೇ ಬರೆಯಬೇಕು ಅಂತೇನೂ ಇಲ್ಲ. ಆರ್ಡರ್ ತಾರೀಖು, ಕೊಟ್ಟ ದುಡ್ಡು, ಚೀಟಿಯ ಅಳತೆ, ಬಂದ ಬ್ಲೌಸಿನ ಅಳತೆ, ಒಮ್ಮೆ ಸರಿ ಮಾಡಲು ಅವಕಾಶ ಕೊಟ್ಟಿದ್ದು, ಆಗದೇ ಇದ್ದದ್ದು. ಕೊನೆಗೆ, "15 ದಿನದೊಳಗೆ ₹9,500 ಕೊಟ್ಟು ಬ್ಲೌಸ್ ವಾಪಸ್ ಪಡೆಯಿರಿ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ." ನನಗಾದ ಅವಮಾನದ ಬಗ್ಗೆ ಮೊದಲು ಅರ್ಧ ಪುಟ ಬರೆದಿದ್ದೆ. ನಮ್ಮ ಮನೆಯವರು ಓದಿ, "ಇದು ನಿಜ, ಆದರೆ ಅವರು ಇದಕ್ಕೇ ಉತ್ತರ ಕೊಟ್ಟು ಅಳತೆ ಮಾತು ಬಿಡ್ತಾರೆ" ಅಂದರು. ತೆಗೆದೆ. ಬಿಲ್ಲಿನ ಎರಡೂ ಬದಿಯ ಜೆರಾಕ್ಸ್, ಚೀಟಿಯ ಫೋಟೋ, ಟೇಪು ಇಟ್ಟು ತೆಗೆದ ಫೋಟೋ ಸೇರಿಸಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆ.

ಹತ್ತು ದಿನ ಉತ್ತರ ಇಲ್ಲ. ಅಷ್ಟರಲ್ಲಿ ನಾನು ಗಂಡನ ಮನೆಗೆ, ಸಿಂಧನೂರಿಗೆ ಬಂದಿದ್ದೆ. ಅಲ್ಲಿಂದಲೇ 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೂರು ಬರೆದುಕೊಂಡು ನಂಬರ್ ಕೊಟ್ಟರು. ಅವರು ತೀರ್ಪು ಕೊಡುವವರಲ್ಲ, ಕೋರ್ಟಿಗೆ ಮೊದಲು ಮಾತಲ್ಲಿ ಮುಗಿಯಲಿ ಅಂತ ನೋಡುತ್ತಾರೆ. ಆ ನಂಬರನ್ನು ಅಂಗಡಿಯವರಿಗೆ ವಾಟ್ಸಾಪ್ ಮಾಡಿದೆ. ಜೊತೆಗೆ ಇನ್ನೊಂದು ವಿಷಯ ಬರೆದೆ: ಈಗಿನ ಕಾಯ್ದೆಯಲ್ಲಿ ನಾನಿರುವ ಜಿಲ್ಲೆಯಲ್ಲೇ, ಅಂದರೆ ರಾಯಚೂರಿನಲ್ಲೇ ದೂರು ಕೊಡಬಹುದು. ಮದುವೆಯಾಗಿ ಊರು ಬಿಟ್ಟುಬರುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಮಾಲಿಗೆ ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ, ವಕೀಲರಿಲ್ಲದೆ ನಾವೇ ವಾದ ಮಾಡಬಹುದು, ಎರಡು ವರ್ಷದೊಳಗೆ ದೂರು ಕೊಟ್ಟರೆ ಸಾಕು.

ಎರಡನೇ ದಿನ ಅಂಗಡಿಯ ಅಕ್ಕನೇ ಫೋನ್ ಮಾಡಿದರು. ಮೊದಲು, ಅದೇ ದುಡ್ಡಿಗೆ ಸೀರೆ ತಗೊಳ್ಳಿ ಅಂದರು. ಬೇಡ ಅಂದೆ. ₹7,000 ಅಂದರು. ಬೇಡ ಅಂದೆ. "ಹಾಗಾದ್ರೆ ಮಗ್ಗಂ ಮಾಡಿದ ಹುಡುಗನ ಕೂಲೀಲಿ ಹಿಡಿಬೇಕಾಗುತ್ತೆ" ಅಂದರು. ಅದು ನನಗೆ ನಿಜಕ್ಕೂ ನೋವಾಯಿತು. ತನಗೆ ಕೊಟ್ಟ ಮಾರ್ಕ್ ಮೇಲೆ ಮಣಿ ಕೂರಿಸಿದವನು ಅವನು. ಹೊಸ ಬ್ಲೌಸಿಗೆ ಹಾಕಿದ ₹1,800 ಕೇಳುವುದಿಲ್ಲ, ಅವನ ಕೂಲಿ ಮುಟ್ಟಬೇಡಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಬಾ ತಂಗಿ" ಅಂದರು. ಮೇಡಂ ಹೋಗಿ ತಂಗಿ ಆಗಿದ್ದೆ.

ಮುಂದಿನ ವಾರ ತವರಿಗೆ ಹೋದಾಗ ಬ್ಲೌಸ್ ಕೊಟ್ಟು ₹9,500 ತೆಗೆದುಕೊಂಡೆ. ಇಬ್ಬರೂ ಒಂದು ಹಾಳೆಯಲ್ಲಿ ಸಹಿ ಮಾಡಿದೆವು. ದೂರು ಮುಗಿದಿದೆ ಅಂತ 1915ಕ್ಕೂ ತಿಳಿಸಿದೆ. ಲೆಹೆಂಗಾ ನನ್ನ ಹತ್ತಿರವೇ ಇದೆ. ಅದಕ್ಕೆ ಚಿಕ್ಕಮ್ಮ ಸಾದಾ ಕೆಂಪು ಬ್ಲೌಸ್ ಹೊಲಿದು ಕೊಟ್ಟಿದ್ದಾರೆ, ಎರಡೂ ಪಕ್ಕ ಒಂದೊಂದು ಇಂಚು ಮಾರ್ಜಿನ್ ಬಿಟ್ಟು. ಮೈದುನನ ಮದುವೆಗೆ ಅದನ್ನೇ ಹಾಕಿಕೊಂಡಿದ್ದೆ.