ನಡಾವಳಿ ಪುಸ್ತಕ, ಡಾಂಗಲ್, ಕುರ್ಚಿ: ಅಧ್ಯಕ್ಷೆಯ ಮೊದಲ ದಿನಗಳ ತಯಾರಿ

ಗ್ರಾಮ ಪಂಚಾಯಿತಿಗೆ ಹೊಸದಾಗಿ ಆರಿಸಿಬಂದ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವಾಗ ಮೊದಲೆಲ್ಲ ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಯಿಂದ ಶುರು ಮಾಡುತ್ತಿದ್ದೆವು. ಕರ್ನಾಟಕದ 1983ರ ಪಂಚಾಯಿತಿ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು, 1993ರಲ್ಲಿ ಅದು ಮೂರನೇ ಒಂದಾಯಿತು, 2010ರ ತಿದ್ದುಪಡಿಯಿಂದ ಅರ್ಧವಾಯಿತು ಅನ್ನುವುದು ತಿಳಿದಿದ್ದರೆ ಒಳ್ಳೆಯದೇ. ಆದರೆ ಮಾರನೇ ದಿನ ಕಚೇರಿಯಲ್ಲಿ ಅವರ ಮುಂದೆ ಬರುವುದು ಸಭೆಯ ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕ. ಹಾಗಾಗಿ ಈಗ ಪಾಠ ಅಲ್ಲಿಂದಲೇ.

“ಸಹಿ ಮಾಡಿ ಮೇಡಂ, ಆಮೇಲೆ ಬರ್ಕೋತೀವಿ” ಅನ್ನುವ ಮಾತಿಗೆ ಒಪ್ಪಿದರೆ ಮುಗಿಯಿತು. ಸಭೆಯಲ್ಲಿ ಯಾರೂ ಆಡದ ವಿಷಯ “ಸರ್ವಾನುಮತದಿಂದ ತೀರ್ಮಾನಿಸಲಾಯಿತು” ಎಂದು ಪುಸ್ತಕದಲ್ಲಿ ಕೂತಿರುತ್ತದೆ. ನಾವು ರೂಢಿ ಮಾಡಿಸುವುದು ಇಷ್ಟು: ಪ್ರತಿ ಠರಾವಿಗೂ ಕ್ರಮಸಂಖ್ಯೆ, ಬರೆದ ಕಡೆಯ ಸಾಲಿನ ಕೆಳಗೇ ಸಹಿ, ಉಳಿದ ಖಾಲಿ ಜಾಗಕ್ಕೆ ಓರೆ ಗೀಟು. ಪುಸ್ತಕ ಮನೆಗೆ ಬರಕೂಡದು, ಅಧ್ಯಕ್ಷೆಯೇ ಕಚೇರಿಗೆ ಹೋಗಬೇಕು. ಓದು ಬಾರದವರಿಗೆ ಅಕ್ಷರಕ್ಕಿಂತ ಮೊದಲು ಅಂಕಿ ತಿದ್ದಿಸುತ್ತೇವೆ. ಡೇರಿ ಕಾರ್ಡು, ಸಂಘದ ಪಾಸ್‌ಬುಕ್ಕು ನೋಡಿ ಅವರಲ್ಲಿ ಬಹಳ ಮಂದಿಗೆ ಅಂಕಿ ಪಳಗಿರುತ್ತದೆ. ವಾರ್ಡಿನ ನಂಬರು, ಮೊತ್ತ, ತಾರೀಖು, ಈ ಮೂರು ಹಿಡಿದರೆ ಅರ್ಧ ಮೋಸ ಸಿಕ್ಕಿಬೀಳುತ್ತದೆ.

ಇನ್ನು ಡಾಂಗಲ್. ಕೇಂದ್ರ ಹಣಕಾಸು ಆಯೋಗದ ಅನುದಾನದ ದುಡ್ಡು ಇ-ಗ್ರಾಮಸ್ವರಾಜ್ ಎಂಬ ಸರ್ಕಾರಿ ಜಾಲತಾಣದಲ್ಲಿ ಪಾವತಿಯಾಗಬೇಕಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರದೊಂದು, ಅಧ್ಯಕ್ಷರದೊಂದು ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಡಾಂಗಲ್‌ನಲ್ಲಿ: ನೋಡಲು ಪೆನ್‌ಡ್ರೈವ್ ಹಾಗೆ, ಚೆಕ್‌ಬುಕ್‌ನಷ್ಟೇ ತೂಕದ ವಸ್ತು. ಅದಕ್ಕೆ ಅರ್ಜಿ ಹಾಕುವಾಗಲೇ ಯಜಮಾನರ ಮೊಬೈಲ್ ನಂಬರ್ ಹೋಗಿಬಿಡುತ್ತದೆ, ಒಟಿಪಿ ಅವರಿಗೇ ಬರುತ್ತದೆ. ಆದ್ದರಿಂದ ಮೊದಲು ಅಧ್ಯಕ್ಷೆಯ ಹೆಸರಲ್ಲೇ ಒಂದು ಸಿಮ್, ಆಮೇಲೆ ಅರ್ಜಿ. ಡಾಂಗಲ್ ಕೈಗೆ ಬಂದ ದಿನವೇ ಪಿನ್ ಬದಲಿಸಬೇಕು. ಪಿನ್ ಬರೆದ ಬಿಳಿ ಪಟ್ಟಿಯನ್ನು ಡಾಂಗಲ್ಲಿಗೇ ಅಂಟಿಸಿ ಕಚೇರಿಯ ಬೀರುವಿನಲ್ಲಿ ಇಡುವವರೂ ಉಂಟು! ಡಾಂಗಲ್ಲನ್ನು ಕಂಪ್ಯೂಟರಿಗೆ ಚುಚ್ಚುವ ಮೊದಲು ಮೂರು ಕಾಗದ ಕೇಳಿ: ಬಿಲ್ಲು, ಇಂಜಿನಿಯರ್ ಸಹಿಯಿರುವ ಕಾಮಗಾರಿಯ ಅಳತೆ ಪುಸ್ತಕ, ಠರಾವಿನ ನಂಬರು.

ಇದರಲ್ಲಿ ಒಂದು ತೊಡಕಿದೆ. ಡಾಂಗಲ್ ತನ್ನ ಹತ್ತಿರವೇ ಇಟ್ಟುಕೊಂಡ ಅಧ್ಯಕ್ಷೆಯ ಮೇಲೆ “ಬಿಲ್ ತಡೆದಿದ್ದಾರೆ” ಅನ್ನುವ ಗುಲ್ಲು ಬೇಗ ಏಳುತ್ತದೆ. ಅದಕ್ಕೆ ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ ನೋಟಿಸ್ ಬೋರ್ಡಿಗೆ ಹಚ್ಚಿಸಬೇಕು. ಬುಧವಾರ ಹನ್ನೊಂದಕ್ಕೆ ಪಾವತಿ ಎಂದರೆ ಬುಧವಾರ ಹನ್ನೊಂದಕ್ಕೆ.

ಸದಸ್ಯೆಯರ ವಿಷಯಗಳು ಸಾಮಾನ್ಯವಾಗಿ ಸಾಯುವುದು ಅಜೆಂಡಾದ ಕೊನೆಯ ಸಾಲಿನಲ್ಲಿ: “ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು”. ಅಷ್ಟು ಹೊತ್ತಿಗೆ ಚಹಾ ಬಂದಿರುತ್ತದೆ, ಅರ್ಧ ಜನ ಎದ್ದಿರುತ್ತಾರೆ. ಸಭೆಯ ನೋಟಿಸ್ ಹೊರಡುವ ಮೊದಲೇ ವಿಷಯವನ್ನು ಬರವಣಿಗೆಯಲ್ಲಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಸಭೆಯ ದಿನ ಮೂವರು ಕೆಲಸ ಹಂಚಿಕೊಳ್ಳಲಿ: ಒಬ್ಬರು ವಿಷಯ ಎತ್ತುವುದು, ಇನ್ನೊಬ್ಬರು ಅನುಮೋದಿಸುವುದು, ಮೂರನೆಯವರು “ನಡಾವಳಿಯಲ್ಲಿ ಬರೀರಿ” ಅನ್ನುವುದು. ಒಬ್ಬರೇ ಮೂರೂ ಮಾಡಲು ಹೋದರೆ ಜಗಳಗಂಟಿ ಅನ್ನಿಸಿಕೊಳ್ಳುತ್ತಾರೆ.

ಗಂಡಂದಿರನ್ನು ಸಭೆಯಿಂದ ಹೊರಗಿಡಲು ಸುತ್ತೋಲೆಗಿಂತ ಕುರ್ಚಿ ವಾಸಿ. ಸದಸ್ಯರು 17 ಇದ್ದರೆ ಮೇಜಿನ ಸುತ್ತ 17 ಕುರ್ಚಿ, ಸಿಬ್ಬಂದಿಗೆ ಎರಡು, ಪ್ರತಿ ಕುರ್ಚಿಯ ಮುಂದೆ ಹೆಸರಿನ ಫಲಕ. ಹೆಚ್ಚಿನ ಕುರ್ಚಿಗಳೆಲ್ಲ ವರಾಂಡಕ್ಕೆ. ಹೆಂಡತಿಯ ಹೆಸರಿನ ಫಲಕದ ಹಿಂದೆ ಕೂರಲು ಹೆಚ್ಚಿನ ಗಂಡಸರಿಗೆ ನಾಚಿಕೆಯಾಗುತ್ತದೆ.

ಇಷ್ಟು ಪಳಗಿದವರು ಮೇಲೆ ಹೋಗಬೇಕಲ್ಲ? 2023ರ ವಿಧಾನಸಭೆಗೆ ಗೆದ್ದವರು 224ರಲ್ಲಿ 10 ಮಹಿಳೆಯರು. ನಡುವಿನ ಮೆಟ್ಟಿಲುಗಳಾದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇತ್ತ ಊರಿನ ವಾರ್ಡಿನ ಮೀಸಲಾತಿಯೂ ಬದಲಾಗುತ್ತದೆ. ವಾರ್ಡು ಸಾಮಾನ್ಯವಾದ ಕೂಡಲೇ “ಇದು ಗಂಡಸರ ಸೀಟು” ಎನ್ನುತ್ತಾರೆ. ಕಾನೂನಿನಲ್ಲಿ ಹಾಗೇನೂ ಇಲ್ಲ, ಸಾಮಾನ್ಯ ಸ್ಥಾನಕ್ಕೆ ಹೆಂಗಸರೂ ನಿಲ್ಲಬಹುದು. ಅವಧಿ ಮುಗಿಯಲು ಆರು ತಿಂಗಳಿರುವಾಗಲೇ ತಾವು ಮಂಡಿಸಿದ ಠರಾವುಗಳ ದೃಢೀಕೃತ ನಕಲು ತೆಗೆಸಿ, ವಾರ್ಡುವಾರು ಒಂದು ಫೈಲ್ ಮಾಡಿಟ್ಟುಕೊಳ್ಳಬೇಕು. ಅಧಿಕಾರ ಹೋದ ಮೇಲೆ ಅದೇ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯಬೇಕಾಗುತ್ತದೆ.